ದಿಂಬಂ ಘಟ್ಟದ ನೆತ್ತಿಯಲ್ಲಿ ಒಂದು ಹಗಲು

ತಾಳವಾಡಿ ಸೀಮೆಯವರಾದ ನಮಗೆ ಲೋಕವು ಎರಡು ದಿಕ್ಕಿಗೆ ತೆರೆದುಕೊಂಡಿದೆ. ಉತ್ತರಕ್ಕೆ ಹೊರಟರೆ ಹೆಚ್ಚು ಏರಿಳಿತವಿಲ್ಲದ ದಾರಿಯಲ್ಲಿ ಚಾಮರಾಜನಗರ. ಅಲ್ಲಿ ನಮ್ಮ ನೆಂಟರು, ನಮ್ಮ ನುಡಿ. ದಕ್ಷಿಣಕ್ಕೆ ಹೊರಟರೆ ದಿಂಬಂ ಘಟ್ಟ. ಅದರ ಇಪ್ಪತ್ತೇಳು ಹೇರ್‌ಪಿನ್ ತಿರುವುಗಳನ್ನು ಇಳಿದ ಮೇಲೆಯೇ ಬಣ್ಣಾರಿ, ಸತ್ಯಮಂಗಲ, ಜಿಲ್ಲೆಯ ಕಚೇರಿಗಳು, ದೊಡ್ಡ ಆಸ್ಪತ್ರೆಗಳು. 1956ರಲ್ಲಿ ಕೊಳ್ಳೇಗಾಲ ತಾಲ್ಲೂಕು ಮೈಸೂರಿಗೆ ಸೇರಿದಾಗ ನಮ್ಮ ಸೀಮೆ ಮದರಾಸು ರಾಜ್ಯದಲ್ಲಿಯೇ ಉಳಿಯಿತು. ಅಂದಿನಿಂದ ಈ ಘಟ್ಟದೊಡನೆ ನಮ್ಮ ಋಣಾನುಬಂಧ ಇನ್ನಷ್ಟು ಬಿಗಿಯಾಯಿತೆನ್ನಬಹುದು.

ಕಳೆದ ಮಾಘಮಾಸದಲ್ಲಿ ಅವ್ವನ ಕಣ್ಣಿನ ಶಸ್ತ್ರಚಿಕಿತ್ಸೆಗೆ ದಿನ ಗೊತ್ತಾಗಿತ್ತು. ಬಸ್ಸಿನಲ್ಲಿ ಅವಳಿಗೆ ಕಷ್ಟವಾದೀತೆಂದು ನಮ್ಮ ತಂದೆಯವರ ಕಾಲದ ಅಂಬಾಸಿಡರ್ ಕಾರನ್ನೇ ಹೊರಡಿಸಿದೆ. ಆ ಕಾರಿನ ತಯಾರಿಕೆಯೇ 2014ರಲ್ಲಿ ನಿಂತುಹೋಯಿತು. ನಮ್ಮದಂತೂ ಅದಕ್ಕಿಂತ ಬಹಳ ಹಿಂದಿನ ಮಾದರಿ. ನಾಲ್ಕು ಚಕ್ರಕ್ಕೂ ಡ್ರಮ್ ಬ್ರೇಕು, ನಾಲ್ಕಕ್ಕೂ ಸೇರಿ ಒಂದೇ ಎಣ್ಣೆಯ ಸಾಲು. ಒಂದೆಡೆ ಸೋರಿದರೆ ನಾಲ್ಕೂ ಕೈಬಿಟ್ಟಂತೆ. ಜೊತೆಯಲ್ಲಿ ನನ್ನ ತಂಗಿಯ ಮಗನೂ ಇದ್ದ.

ಬೆಳಗಿನ ಜಾವದಲ್ಲಿ ಹೊರಟು ಹಾಸನೂರಿನ ಬಳಿ ಹೆದ್ದಾರಿಯನ್ನು ಸೇರಿದೆವು. ಬಿದಿರು ಮೆಳೆಗಳ ನಡುವೆ ಮಂಜು ಇನ್ನೂ ಕರಗಿರಲಿಲ್ಲ. 2013ರಲ್ಲಿ ಸತ್ಯಮಂಗಲದ ಈ ಕಾಡು ಹುಲಿ ಸಂರಕ್ಷಿತ ಪ್ರದೇಶವಾಯಿತು. 2022ರ ಫೆಬ್ರವರಿಯಲ್ಲಿ ಮದರಾಸು ಉಚ್ಚ ನ್ಯಾಯಾಲಯದ ಆದೇಶದಿಂದ ಘಟ್ಟದ ರಾತ್ರಿ ಸಂಚಾರಕ್ಕೂ ಕಡಿವಾಣ ಬಿದ್ದಿತು. ದಾರಿಯ ಪಕ್ಕದಲ್ಲಿ ಆನೆಯೊಂದು ಮರಿಯನ್ನು ಮರೆಮಾಡಿ ನಿಂತಿದ್ದುದನ್ನು ಕಂಡು ವೇಗ ತಗ್ಗಿಸಲು ಬ್ರೇಕ್ ಒತ್ತಿದೆ. ಪೆಡಲು ಹತ್ತಿಯ ಮೂಟೆಯನ್ನು ತುಳಿದಂತೆ ಮೆತ್ತಗೆ ಕೆಳಗಿಳಿಯಿತು. ಎರಡು ಸಲ ತುಳಿದ ಮೇಲೆ ಎದ್ದು ನಿಂತಿತು. ಕಾರೂ ನಿಧಾನವಾಯಿತು. ಆನೆ ನಮ್ಮನ್ನು ಲೆಕ್ಕಿಸಲಿಲ್ಲ.

ಇಲ್ಲಿ ಒಂದು ತಪ್ಪೊಪ್ಪಿಗೆ ಸಲ್ಲಬೇಕು. ಹಿಂದಿನ ಒಂದೂವರೆ ತಿಂಗಳಲ್ಲಿ ಬ್ರೇಕ್ ಎಣ್ಣೆ ಮೂರು ಬಾರಿ ಕಡಿಮೆಯಾಗಿತ್ತು. ಮೂರು ಬಾರಿಯೂ ನಾನು ತುಂಬಿಸಿ ಮುಚ್ಚಳ ಹಾಕಿದ್ದೆ. ಬ್ರೇಕ್ ಎಣ್ಣೆಯೇನೂ ಉರಿದುಹೋಗುವ ಪೆಟ್ರೋಲಲ್ಲ. ಶೂಗಳು ಸವೆದಷ್ಟಕ್ಕೆ ಅತ್ಯಲ್ಪ ಇಳಿಯಬಹುದು. ಪದೇ ಪದೇ ಇಳಿದರೆ ಎಲ್ಲಿಯೋ ಹೊರಬೀಳುತ್ತಿದೆಯೆಂದೇ ಅರ್ಥ. ದ್ರವದ ಮೇಲೆ ಹಾಕಿದ ಒತ್ತಡವು ಎಲ್ಲ ಕಡೆಗೂ ಸಮನಾಗಿ ಹರಡುತ್ತದೆಂಬ ಪಾಸ್ಕಲನ ನಿಯಮವನ್ನು ಮಕ್ಕಳಿಗೆ ವರ್ಷವರ್ಷವೂ ಹೇಳಿಕೊಡುವವನು ನಾನು!

ದಿಂಬಂನಲ್ಲಿ, ಇಳಿಜಾರು ಮೊದಲಾಗುವುದಕ್ಕೆ ಮುಂಚೆ, ಚಹದಂಗಡಿಯ ಎದುರು ಕಾರನ್ನು ನಿಲ್ಲಿಸಿದೆ. ಅಲ್ಲಿದ್ದವರೊಬ್ಬರು, “ಎರಡು ಸಲ ತುಳಿದ್ರೆ ಹಿಡೀತದಲ್ಲ, ನಿಧಾನಕ್ಕೆ ಇಳೀರಿ” ಎಂದರು. ಇನ್ನೊಬ್ಬರು, ಎಣ್ಣೆ ಸಾಲದಿದ್ದರೆ ಎಂಜಿನ್ ಆಯಿಲನ್ನೇ ಸ್ವಲ್ಪ ಸುರಿಯಬಹುದೆಂದರು. ಇದಕ್ಕಿಂತ ಅಪಾಯದ ಉಪದೇಶ ಬೇರೆಯಿಲ್ಲ. ಎಂಜಿನ್ ಆಯಿಲ್ ತಗುಲಿದರೆ ಬ್ರೇಕಿನ ರಬ್ಬರ್ ವಾಷರುಗಳು ಊದಿ ಕೆಡುತ್ತವೆ.

ಆದರೂ ಇಳಿದುಬಿಡಬೇಕೆಂಬ ಆಸೆ ನನಗೂ ಬಾರದಿರಲಿಲ್ಲ. ಆಸ್ಪತ್ರೆಯವರು ಹತ್ತು ಗಂಟೆಗೆ ಹೇಳಿದ್ದರು. ಆ ದಿನ ತಪ್ಪಿದರೆ ಮತ್ತೆ ಯಾವಾಗಲೋ. ತಂಗಿಯ ಮಗ, “ಮಾವ, ಬೇಡ. ಬಸ್ಸು ಬತ್ತದೆ, ಅಜ್ಜಿನ ನಾನು ಕರ್ಕೊಂಡೋಯ್ತೀನಿ” ಎಂದ. ಅವ್ವ ಕಾರಿನೊಳಗಿಂದಲೇ, “ಕಾಣ್ದಿದ್ರೂ ನಂಗೆ ಕೇಳ್ತದೆ ಕಣ್ ಮಗ, ನೀನು ಎಷ್ಟ್ ಸಲ ತುಳಿದೆ ಅಂತ” ಎಂದಳು. ಅಷ್ಟರೊಳಗೆ ಬಸ್ಸು ಬಂದಿತು. ಇಬ್ಬರನ್ನೂ ಹತ್ತಿಸಿ, ಎಣ್ಣೆಯನ್ನು ಗುರುತಿನವರೆಗೆ ತುಂಬಿಸಿ, ಕಾರನ್ನು ಹಿಂದಕ್ಕೆ ತಿರುಗಿಸಿ ನಡಿಗೆಯ ವೇಗದಲ್ಲಿ ಹಾಸನೂರಿಗೆ ತಂದೆನು.

ಅಲ್ಲಿ ಲಾರಿಗಳ ಕೆಲಸ ಮಾಡುವ ಹಿರಿಯ ಮೆಕ್ಯಾನಿಕರೊಬ್ಬರು ಸಿಕ್ಕಿದರು. ಅವರು ಸ್ಪಾನರನ್ನು ಮುಟ್ಟುವ ಮೊದಲು ಚಾಲಕನ ಸ್ಥಾನದಲ್ಲಿ ಕುಳಿತು ಪೆಡಲನ್ನು ಮಾತನಾಡಿಸಿದ ಕ್ರಮ ನನಗೆ ಬಹಳ ಹಿಡಿಸಿತು. ಮೊದಲು ಒಂದೇ ಸಮನೆ ಒತ್ತಿ ಹಿಡಿದರು. ಹಾಗೆ ಹಿಡಿದಿರುವಾಗ ಪೆಡಲು ಮೆಲ್ಲಗೆ ಕುಸಿಯುತ್ತಲೇ ಹೋಗಿ, ಹೊರಗೆಲ್ಲಿಯೂ ಪಸೆ ಕಾಣದಿದ್ದರೆ, ದೋಷ ಮಾಸ್ಟರ್ ಸಿಲಿಂಡರಿನೊಳಗಿನ ವಾಷರಿನದೆಂದು ತಿಳಿಯಬೇಕಂತೆ. ನಮ್ಮದು ಕುಸಿಯಲಿಲ್ಲ. ಪೆಡಲು ತುಂಬ ಕೆಳಗಿಳಿದರೂ ಕೊನೆಯಲ್ಲಿ ಕಲ್ಲಿನಂತೆ ಗಟ್ಟಿಯಾಗಿ ನಿಂತರೆ ಶೂಗಳು ಸವೆದು ಡ್ರಮ್ಮಿನಿಂದ ದೂರವಾಗಿವೆ, ಅಡ್ಜಸ್ಟ್ ಮಾಡಿದರೆ ಸಾಕು. ನಮ್ಮದು ಗಟ್ಟಿಯಾಗಲೂ ಇಲ್ಲ, ಸ್ಪಂಜಿನಂತೆ ಪುಟಿಯುತ್ತಿತ್ತು. “ಏರ್ ಹಿಡಿದದೆ ಮೇಷ್ಟ್ರೇ. ಎಣ್ಣೆ ಅಮುಕಿದ್ರೆ ಕುಗ್ಗಾಕಿಲ್ಲ, ಗಾಳಿ ಕುಗ್ತದೆ. ಗಾಳಿ ಹೆಂಗೆ ಹೊಕ್ತು ಅಂತ ನೋಡುವ” ಎಂದರು. ಘಟ್ಟ ಇಳಿದ ಮೇಲೆ ಮಾತ್ರ ಮೆತ್ತಗಾಗಿ, ಆರಿದ ಮೇಲೆ ಮತ್ತೆ ಗಟ್ಟಿಯಾಗುವ ಪೆಡಲಿನ ಕಥೆ ಬೇರೆ. ಬ್ರೇಕ್ ಎಣ್ಣೆ ವರ್ಷಗಟ್ಟಲೆ ಹಳತಾದರೆ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ಹೊಸದಾಗಿರುವಾಗ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯದ ಡಾಟ್ 3 ಎಣ್ಣೆ ಹಾಗೆ ತೇವಗೊಂಡರೆ 140ರ ಸುಮಾರಿಗೇ ಕುದಿದು, ಕೊಳವೆಯೊಳಗೆ ಆವಿಯ ಗುಳ್ಳೆಗಳೇಳುತ್ತವೆ.

ಚಕ್ರಗಳ ಒಳಮೈಯನ್ನು ಒಂದೊಂದಾಗಿ ತಡವಿ ನೋಡಿದಾಗ ಎಡಗಡೆಯ ಹಿಂಚಕ್ರದಲ್ಲಿ ಪಸೆ ಸಿಕ್ಕಿತು. ಡ್ರಮ್ಮು ಬಿಚ್ಚಿದರೆ ವೀಲ್ ಸಿಲಿಂಡರಿನ ರಬ್ಬರು ಮುಸುಕಿನೊಳಗೆ ಎಣ್ಣೆ ಮಡುಗಟ್ಟಿತ್ತು, ಶೂಗಳು ನೆನೆದಿದ್ದವು. ಮೂರು ಬಾರಿ ನಾನು ತುಂಬಿಸಿದ ಎಣ್ಣೆಯೆಲ್ಲ ಅಲ್ಲಿತ್ತು! ಸಿಲಿಂಡರಿನ ಒಳಮೈಯಲ್ಲಿ ತುಕ್ಕಿನ ಕುಳಿಗಳು ಬಿದ್ದಿದ್ದುದರಿಂದ ವಾಷರನ್ನಷ್ಟೇ ಬದಲಿಸಿ ಫಲವಿಲ್ಲವೆಂದರು. ಹೊಸ ಸಿಲಿಂಡರು ಮತ್ತು ಎರಡೂ ಹಿಂಚಕ್ರಗಳಿಗೆ ಶೂಗಳು ಮಧ್ಯಾಹ್ನ ಚಾಮರಾಜನಗರದಿಂದ ಬಸ್ಸಿನಲ್ಲಿ ಬಂದವು. ಒಂದೇ ಕಡೆ ಹೊಸ ಶೂ ಹಾಕಿದರೆ ಬ್ರೇಕ್ ಹಿಡಿದಾಗ ಕಾರು ಒಂದು ಪಕ್ಕಕ್ಕೆ ಎಳೆಯುತ್ತದೆ.

ಬಳಿಕ ಏರ್ ತೆಗೆಯುವ ಕೆಲಸ. ಮಾಸ್ಟರ್ ಸಿಲಿಂಡರಿಗೆ ಅತ್ಯಂತ ದೂರದ ಚಕ್ರದಿಂದ ಮೊದಲುಮಾಡಿ, ನಿಪ್ಪಲಿಗೆ ಸಿಕ್ಕಿಸಿದ ಕೊಳವೆಯ ತುದಿಯನ್ನು ಎಣ್ಣೆಯಿರುವ ಸೀಸೆಯಲ್ಲಿ ಮುಳುಗಿಸಿದರು. “ಒತ್ತಿ, ಒತ್ತಿ, ಹಿಡ್ಕಳಿ” ಎಂದಾಗ ನಾನು ಒತ್ತಿ ಹಿಡಿಯಬೇಕು. ಅವರು ನಿಪ್ಪಲನ್ನು ಸಡಿಲಿಸಿ, ಗುಳ್ಳೆಗಳು ಹೊರಟೊಡನೆ ಬಿಗಿದು, “ಬುಡಿ” ಎನ್ನುವರು. ಬಿಗಿಯುವ ಮುನ್ನವೇ ನಾನು ಒಮ್ಮೆ ಕಾಲೆತ್ತಿಬಿಟ್ಟೆ. ಗಾಳಿ ಪುನಃ ಒಳಹೊಕ್ಕಿತು. “ಏನ್ ಮೇಷ್ಟ್ರೇ, ಬೆಲ್ ಹೊಡಿಯಕ್ ಮುಂಚೆನೇ ಎದ್ಬಿಟ್ರಿ?” ಎಂದು ನಕ್ಕರು. ನಾಲ್ಕು ಚಕ್ರವೂ ಮುಗಿಯುವ ಹೊತ್ತಿಗೆ ಪೆಡಲು ಅಂಗಾಲಿನ ಕೆಳಗೆ ಮರದ ಹಲಗೆಯಂತೆ ನಿಂತಿತ್ತು.

ಮೂರು ಗಂಟೆಗೆ ಘಟ್ಟ ಇಳಿಯಲು ತೊಡಗಿದೆ. ಎರಡನೆಯ ಗೇರಿನಲ್ಲಿ ಎಂಜಿನ್ನೇ ಕಾರನ್ನು ಹಿಡಿದು ಇಳಿಸುತ್ತಿತ್ತು. ತಿರುವುಗಳಲ್ಲಿ ಮಾತ್ರ ಬ್ರೇಕನ್ನು ಕೇಳಿದೆ. ಏರಿ ಬರುವ ಲಾರಿಗಳು ತಿರುವಿನ ಇಡೀ ಅಗಲವನ್ನೂ ನುಂಗುತ್ತಿದ್ದುದರಿಂದ ಎಷ್ಟೋ ಕಡೆ ಪೂರ್ತಿ ನಿಲ್ಲಬೇಕಾಯಿತು. ಒಂದು ತಿರುವಿನ ಅಂಚಿನಲ್ಲಿ ಹಾಗೆ ನಿಂತಾಗ, ಕೆಳಗೆ ಬಿಸಿಲಿನಲ್ಲಿ ಹಬ್ಬಿದ ಬಯಲನ್ನು ನೋಡಿದೆ. ಬೆಳಿಗ್ಗೆ ಇದೇ ಜಾಗದಲ್ಲಿ ಎರಡು ಸಲ ತುಳಿಯಲು ಪುರುಸೊತ್ತು ಸಿಗುತ್ತಿರಲಿಲ್ಲ.

ಬಣ್ಣಾರಿಯಮ್ಮನ ಗುಡಿಯ ಮುಂದೆ ಕಾರು ನಿಲ್ಲಿಸುವಾಗ ತಂಗಿಯ ಮಗನ ಫೋನು ಬಂದಿತು. ಚಿಕಿತ್ಸೆ ಮುಗಿದಿತ್ತು, ಅವ್ವ ಇಡ್ಲಿ ಕೇಳಿದ್ದಳಂತೆ. ಹಣ್ಣುಕಾಯಿ ಮಾಡಿಸುವ ಮೊದಲು ನಾನು ಎಡ ಹಿಂಚಕ್ರದ ಒಳಮೈಯನ್ನು ತಡವಿ ನೋಡಿದೆ. ಒಣಗಿತ್ತು.