ಪೋಣಿಸಿದ ಕೂಲಿ

ನಮ್ಮ ಕಾರವಾರದ ಕಡೆ ಮದುವೆಮನೆಗೆ ಯಾರಾದರೂ ಹೊಸ ಸರ ಹಾಕಿಕೊಂಡು ಬಂದರೆ ಕೇಳುವ ಮೊದಲ ಪ್ರಶ್ನೆ 'ಎಷ್ಟು ತೊಲ?' ಎರಡನೆಯದು 'ಯಾವ ಅಂಗಡಿ?' ತೀರ ಹತ್ತಿರದವರಾದರೆ ದನಿ ತಗ್ಗಿಸಿ 'ಮಜೂರಿ ಎಷ್ಟು ಹಿಡಿದ?' ಎಂದು ಇನ್ನೊಂದು. ಸರವನ್ನು ಪೋಣಿಸಿದವರು ಯಾರು ಎಂದು ಮಾತ್ರ ಯಾರೂ ಕೇಳುವುದಿಲ್ಲ. ಮಣಿಗಳು ತಾವಾಗಿಯೇ ಸಾಲಾಗಿ ಬಂದು ದಾರದೊಳಗೆ ಹೊಕ್ಕು ಕುಳಿತಿವೆಯೇನೋ ಎಂಬಂತೆ ಎಲ್ಲರೂ ನೋಡಿ, ಮೆಚ್ಚಿ, ಊಟದ ಪಂಕ್ತಿಗೆ ಹೋಗಿಬಿಡುತ್ತಾರೆ. ಮೂವತ್ತು ವರ್ಷಕ್ಕೂ ಹೆಚ್ಚು ಕಾಲದಿಂದ ಕರಿಮಣಿ, ಹವಳ, ಮುತ್ತು ಪೋಣಿಸಿಕೊಂಡೇ ಬಂದಿರುವ ನನಗೆ ಇದೇನೂ ಹೊಸತಲ್ಲ. ಆದರೂ ಈ ವಿಷಯ ನನ್ನ ಮನಸ್ಸಿಗೆ ನಾಟಿದ್ದು ಮೂವರು ಗೆಳತಿಯರ ಜೊತೆ ಸಮುದ್ರ ದಾಟಿ ಹೋದಾಗ. ಅದನ್ನು ಹೇಳುವ ಮೊದಲು ಸ್ವಲ್ಪ ಅಂಕೋಲೆಯ ಮಾತು ಹೇಳಬೇಕು.

ಅಂಕೋಲೆ ನನ್ನ ತವರು. ನಾವು ಅಕ್ಕಸಾಲಿಗರು, ಊರವರ ಬಾಯಲ್ಲಿ 'ಶೇಟರು'. ಮನೆಯ ಜಗಲಿಯೇ ಅಪ್ಪನ ಅಂಗಡಿ. ಅಗ್ಗಿಷ್ಟಿಕೆ, ಊದುಗೊಳವೆ, ಚಿಮಟ, ಗುಲಗಂಜಿ ಹಾಕಿ ತೂಗುವ ಪುಟ್ಟ ತಕ್ಕಡಿ, ಇವಿಷ್ಟರಲ್ಲಿ ನಮ್ಮ ಸಂಸಾರ ನಡೆಯುತ್ತಿತ್ತು. ನನಗೆ ಆರು ವರ್ಷವಾಗಿದ್ದಾಗ, 1963ರ ಜನವರಿಯಲ್ಲಿ, ಚಿನ್ನ ನಿಯಂತ್ರಣದ ನಿಯಮಗಳು ಬಂದವು. ಚೀನಾ ಯುದ್ಧ ಆಗಷ್ಟೇ ಮುಗಿದಿತ್ತು. 14 ಕ್ಯಾರೆಟ್ಟಿಗಿಂತ ಹೆಚ್ಚು ಶುದ್ಧವಾದ ಒಡವೆಯನ್ನು ಮಾಡಕೂಡದು ಎಂದು ಸರಕಾರ ಹೇಳಿತು. ತಾಳಿಯ ಬಂಗಾರ ಮಂಕಾಗಿದ್ದರೆ ನಮ್ಮ ಜನ ಒಪ್ಪುತ್ತಾರೆಯೇ? ಗಿರಾಕಿಗಳು ನಿಂತರು. ದೇಶದ ತುಂಬ ಅಕ್ಕಸಾಲಿಗರ ಒಲೆ ಆರಿತು. ಕೆಲವರು ಜೀವವನ್ನೇ ಕಳೆದುಕೊಂಡರು. 14 ಕ್ಯಾರೆಟ್ಟಿನ ಕಟ್ಟು 1966ರಲ್ಲಿ ಸಡಿಲವಾಯಿತು, ಕಾಯಿದೆ ಪೂರ್ತಿ ರದ್ದಾದದ್ದು 1990ರಲ್ಲಿ. ನಡುವಿನ ಆ ಮೂರು ವರ್ಷ ನಮ್ಮ ಮನೆಯಲ್ಲಿ ಗಂಜಿ ಬೇಯಿಸಿದ್ದು ಆಯಿ.

ಅಂಕೋಲೆಯ ಪೇಟೆಗೆ ತರಕಾರಿ ತರುವ ಹಾಲಕ್ಕಿ ಒಕ್ಕಲಿಗರ ಹೆಂಗಸರನ್ನು ನೀವು ನೋಡಿರಬಹುದು. ಕುತ್ತಿಗೆಯಿಂದ ಎದೆಯವರೆಗೆ ಎಳೆಯ ಮೇಲೆ ಎಳೆ, ಹೊರೆಹೊರೆ ಕರಿಮಣಿ. ನಡುನಡುವೆ ಬಿಳಿ, ಹಳದಿ, ಕೆಂಪು. ಬಡಿಗೇರಿಯ ಸುಕ್ರಿ ಬೊಮ್ಮಗೌಡ ಅವರು 2017ರಲ್ಲಿ, ಹೊನ್ನಳ್ಳಿಯ ತುಳಸಿ ಗೌಡ ಅವರು 2020ರಲ್ಲಿ ಪದ್ಮಶ್ರೀಗೆ ಆಯ್ಕೆಯಾದ ಮೇಲೆ ಈ ಮಣಿಸರಗಳನ್ನು ದೇಶವೇ ಕಂಡಿತು. ತುಳಸಿ ಗೌಡರು ಬರಿಗಾಲಲ್ಲಿ, ಅದೇ ಮಣಿಗಳನ್ನು ಹಾಕಿಕೊಂಡು ರಾಷ್ಟ್ರಪತಿಗಳ ಮುಂದೆ ನಿಂತ ಚಿತ್ರ ಯಾರ ಕಣ್ಣಿಗೆ ಬಿದ್ದಿಲ್ಲ? ಇಬ್ಬರೂ ಈಗ ಇಲ್ಲ. ಒಬ್ಬರು 2024ರ ಡಿಸೆಂಬರಿನಲ್ಲಿ, ಇನ್ನೊಬ್ಬರು ಎರಡೇ ತಿಂಗಳ ಅಂತರದಲ್ಲಿ ತೀರಿಕೊಂಡರು.

ನಮ್ಮ ಮನೆಗೆ ಬಸಳೆ, ಹರಿವೆ ತರುತ್ತಿದ್ದ ಒಬ್ಬಳು ಗೌಡ್ತಿ ಆಯಿಗೆ ಆ ಕಟ್ಟುವ ಕ್ರಮವನ್ನು ಕಲಿಸಿದಳು. ದಾರಕ್ಕೆ ಜೇನುಮೇಣ ಉಜ್ಜುವುದು, ಇಷ್ಟಿಷ್ಟು ಮಣಿಗೊಂದು ಗಂಟು ಹಾಕುವುದು. ಒಂದು ಕಡೆ ಹರಿದರೆ ಅಷ್ಟು ಮಣಿಗಳು ಮಾತ್ರ ಉದುರಬೇಕು, ಇಡೀ ಸರವಲ್ಲ. ಆಯಿ ಹಗಲೆಲ್ಲ ಮನೆಗೆಲಸ ಮಾಡಿ, ರಾತ್ರಿ ಚಿಮಣಿ ದೀಪದ ಬುಡದಲ್ಲಿ ಕುಳಿತು ಅಂಕೋಲೆ, ಕಾರವಾರದ ಅಂಗಡಿಗಳಿಗೆ ಸರ ಪೋಣಿಸಿ ಕೊಟ್ಟಳು. ಅಪ್ಪ ಹೋದ ಮೇಲೆ ಅವರ ಲೆಕ್ಕದ ಪುಸ್ತಕಗಳನ್ನು ತೆಗೆದು ನೋಡಿದೆ. ಗುಲಗಂಜಿ ತೂಕದ ಬಂಗಾರಕ್ಕೂ ಲೆಕ್ಕವಿದೆ. ಒಲೆಯ ಇದ್ದಲಿಗೂ ಲೆಕ್ಕವಿದೆ. ಆಯಿ ಪೋಣಿಸಿದ್ದಕ್ಕೆ ಒಂದು ಸಾಲೂ ಇಲ್ಲ. 'ಆ ಕಷ್ಟದಲ್ಲೂ ಶೇಟರು ಮನೆ ನಡೆಸಿದರು' ಎಂದೇ ಊರು ಮಾತಾಡಿತು. ಆಯಿಯೂ ಹಾಗೆಯೇ ಹೇಳುತ್ತಿದ್ದಳು.

ಮದುವೆಯಾಗಿ ಕಾರವಾರದ ಕೋಡಿಬಾಗಕ್ಕೆ ಬಂದ ನಾನು ಮಕ್ಕಳು ಶಾಲೆಗೆ ಹೋಗತೊಡಗಿದ ಮೇಲೆ ಆಯಿಯ ಕೆಲಸವನ್ನೇ ಹಿಡಿದೆ. ಕೆಲಸವೇನೋ ನೋಡಲು ಸುಲಭ. ಆದರೆ ಒಂದು ಕಟ್ಟು ಕರಿಮಣಿ ಬಿಚ್ಚಿ ಹರಿವಾಣಕ್ಕೆ ಸುರಿದರೆ ಮೊದಲು ಆರಿಸಬೇಕು. ತೂತು ಓರೆಯಾದದ್ದು, ಅಂಚು ಚೂಪಾದದ್ದು, ಅಕ್ಕಪಕ್ಕದ್ದಕ್ಕಿಂತ ಗುಂಡಗಾದದ್ದು, ಎಲ್ಲ ಬೇರೆ. ಚೂಪು ಅಂಚಿನ ಒಂದೇ ಒಂದು ಮಣಿ ಒಳಗೆ ಉಳಿದರೂ ಆರು ತಿಂಗಳಲ್ಲಿ ದಾರವನ್ನು ಕೊಯ್ದುಬಿಡುತ್ತದೆ. ಕರಿಮಣಿ ಹರಿಯುವುದೆಂದರೆ ನಮ್ಮ ಹೆಂಗಸರಿಗೆ ಎಷ್ಟು ಹೆದರಿಕೆ ಎಂಬುದು ನಿಮಗೆ ಗೊತ್ತೇ ಇದೆ. ಗಂಟಿನ ಬಿಗಿಯೂ ನೋಡಬೇಕು. ಬಿಗಿ ಹೆಚ್ಚಾದರೆ ಸರ ಸೆಟೆದು ನಿಲ್ಲುತ್ತದೆ, ಕಡಿಮೆಯಾದರೆ ದಾರ ಹಲ್ಲು ಕಿರಿಯುತ್ತದೆ.

ಬರಬರುತ್ತ ಬರೀ ಹಳೆಯದನ್ನೇ ಕಟ್ಟಲು ಬೇಸರ ಬಂತು. ನಮ್ಮವರ ಕಾಸತಾಳಿಯ ಹವಳವನ್ನೂ ಗೌಡ್ತಿಯರ ಎಳೆಯ ಕ್ರಮವನ್ನೂ ಕೂಡಿಸಿ ಐದೆಳೆಯ ಸರವೊಂದನ್ನು ಮಾಡಿದೆ. ಮೊದಲು ಮನೆಯವರೇ ನಕ್ಕರು. 2005ರಲ್ಲಿ ಇಲ್ಲಿ ನೌಕಾನೆಲೆ ಶುರುವಾದ ಮೇಲೆ ಬೇರೆ ಬೇರೆ ರಾಜ್ಯಗಳ ಹೆಂಗಸರು ಕಾರವಾರದಲ್ಲಿ ಸಂಸಾರ ಹೂಡಿದರು. ಅವರಲ್ಲೊಬ್ಬರು ಕೊಂಡರು, ಅವರಿಂದ ಇನ್ನೊಬ್ಬರಿಗೆ ಸುದ್ದಿ ಹೋಯಿತು. ಒಬ್ಬಳ ಕೈ ಸಾಲದಾಯಿತು. ಅಂಕೋಲೆಯ ಹತ್ತಿರದ ಹಳ್ಳಿಯಿಂದ ಇಬ್ಬರು ಗೌಡ್ತಿಯರು ಜೊತೆಗೂಡಿದರು.

ಇನ್ನು ಪ್ರವಾಸದ ಮಾತು. ನಾವು ನಾಲ್ವರು: ನಿವೃತ್ತಿಯಾದ ಅಕ್ಕೋರು, ಬ್ಯಾಂಕಿನಲ್ಲಿದ್ದ ಒಬ್ಬಳು, ಎದುರು ಮನೆಯ ವಹಿನಿ ಮತ್ತು ನಾನು. ಹತ್ತು ವರ್ಷದ ಭಿಶಿಯ ಗೆಳೆತನ. ಅಕ್ಕೋರ ಮೊಮ್ಮಗಳು ಮಿಲಾನಿನಲ್ಲಿ ಓದುತ್ತಿದ್ದಳು. 'ನಾನಿದ್ದಾಗಲೇ ಬನ್ನಿ' ಎಂದು ಅವಳು ಕರೆದಳು. 'ಈ ವಯಸ್ಸಿನಲ್ಲಿ ನಿಮಗೇಕೆ ಇದೆಲ್ಲ?' ಎಂಬ ಮಾತು ನಾಲ್ಕು ಮನೆಗಳಲ್ಲೂ ಒಂದೇ ಧಾಟಿಯಲ್ಲಿ ಕೇಳಿಬಂದದ್ದರಿಂದ ನಮ್ಮ ಒಗ್ಗಟ್ಟು ಇನ್ನಷ್ಟು ಗಟ್ಟಿಯಾಯಿತು. ಭಿಶಿಯ ದುಡ್ಡು ಕೂಡಿಸಿಟ್ಟು, ಬೆಂಗಳೂರಿಗೆ ಹೋಗಿ ವೀಸಾಕ್ಕೆ ಬೆರಳೊತ್ತಿ ಬಂದು, 2018ರ ಸಪ್ಟೆಂಬರಿನಲ್ಲಿ ಗೋವೆಯಿಂದ ವಿಮಾನ ಹತ್ತಿದೆವು. ಅವಲಕ್ಕಿ, ಚಟ್ನಿಪುಡಿ, ಮಿಡಿ ಉಪ್ಪಿನಕಾಯಿ ಜೊತೆಗೆ ಬಂದವೆಂದು ಬೇರೆ ಹೇಳಬೇಕಿಲ್ಲ.

ವೆನಿಸ್ಸಿನಲ್ಲಿ ನಮ್ಮ ಮೊದಲ ದರ್ಶನ ರಿಯಾಲ್ಟೊ ಸೇತುವೆಯ ಬಳಿಯ ಮೀನು ಪೇಟೆಯದು. ಕಾರವಾರದ ವಹಿನಿಗೆ ಅಲ್ಲಿ ದುಬಾಸಿಯೇ ಬೇಕಾಗಲಿಲ್ಲ. ಕಿವಿರು ಎತ್ತಿ ನೋಡುವುದು, ಮೂಗಿಗೆ ಹಿಡಿಯುವುದು, ಮುಖ ಸಿಂಡರಿಸುವುದು ಎಲ್ಲ ಊರಿಗೂ ಒಂದೇ ಭಾಷೆ. ಬಂಗಡೆ, ತಾರಲೆಗಳ ನೆಂಟರನ್ನೆಲ್ಲ ಗುರುತಿಸಿ, 'ನಮ್ಮ ಪೇಟೆಯದೇ ತಾಜಾ' ಎಂದು ತೀರ್ಪು ಕೊಟ್ಟು ಹೊರಟಳು.

ಮರುದಿನ ದೋಣಿಯಲ್ಲಿ ಮುರಾನೊಗೆ ಹೋದೆವು. ಬೆಂಕಿಯ ಭಯಕ್ಕೆ ವೆನಿಸ್ಸಿನವರು 1291ರಲ್ಲಿ ಗಾಜಿನ ಕುಲುಮೆಗಳನ್ನೆಲ್ಲ ಊರಿಂದ ಆ ದ್ವೀಪಕ್ಕೆ ಸಾಗಿಸಿದರು. ಮುಂದೆ ಅಲ್ಲಿಯ ಮಣಿಗಳು ಹಡಗು ಹತ್ತಿ ಆಫ್ರಿಕಕ್ಕೂ ನಮ್ಮ ದೇಶಕ್ಕೂ ಬಂದವು. 19ನೆಯ ಶತಮಾನದಲ್ಲಿ ವೆನಿಸ್ಸಿನ ಮಣಿ, ಬೊಹಿಮಿಯಾದ ಮಣಿ ಎರಡೂ ಮುಂಬಯಿ ಬಂದರಿನಲ್ಲಿ ಇಳಿಯುತ್ತಿದ್ದವು. ಹಾಗೆಂದು ನಾವು ಬರೀ ಕೊಳ್ಳುವವರೇ ಆಗಿರಲಿಲ್ಲ. ಎರಡು ಸಾವಿರ ವರ್ಷಗಳ ಹಿಂದೆ ಪುದುಚೇರಿಯ ಬಳಿಯ ಅರಿಕಮೇಡಿನಲ್ಲಿ ಗಾಜಿನ ಕೊಳವೆ ಎಳೆದು, ತುಂಡರಿಸಿ ಮಣಿ ಮಾಡುತ್ತಿದ್ದರು. ಕಡಲಾಚೆಯ ಪೂರ್ವದೇಶಗಳಿಗೂ ಅಂಥ ಮಣಿಗಳು ಹೋದವು. ನಮ್ಮ ಕಾಸತಾಳಿಯ ಹವಳದ್ದೂ ಅಷ್ಟೇ ಹಳೆಯ ಕತೆ. ರೋಮನರು ಭಾರತದ ಮುತ್ತಿಗೆ ಬಾಯಿ ಬಿಡುವ ಹಾಗೆ ಭಾರತದವರು ಅಲ್ಲಿಯ ಹವಳಕ್ಕೆ ಬಾಯಿ ಬಿಡುತ್ತಾರೆಂದು ಮೊದಲನೆಯ ಶತಮಾನದ ಪ್ಲಿನಿ ಬರೆದಿಟ್ಟಿದ್ದಾನೆ. ಇನ್ನೊಬ್ಬರ ಮನೆಯದೇ ಚೆಂದ ಕಾಣುವುದು ಇವತ್ತಿನ ಚಾಳಿಯಲ್ಲವೆಂದು ನಾಲ್ವರೂ ನಕ್ಕೆವು.

ಅಲ್ಲಿ ಒಂದು ಪುಟ್ಟ ಅಂಗಡಿಯಲ್ಲಿ ನನ್ನ ವಯಸ್ಸಿನ ಹೆಂಗಸೊಬ್ಬಳು ಸಣ್ಣ ಜ್ವಾಲೆಯ ಮುಂದೆ ಕುಳಿತು ಗಾಜಿನ ಕಡ್ಡಿ ಕರಗಿಸಿ ತಂತಿಗೆ ಸುತ್ತಿ ಮಣಿ ಮಾಡುತ್ತಿದ್ದಳು. ಅಪ್ಪನ ಊದುಗೊಳವೆ ನೆನಪಾಗಿ ನಿಂತುಬಿಟ್ಟೆ. ನನ್ನ ಕುತ್ತಿಗೆಯಲ್ಲಿದ್ದ ಐದೆಳೆಯ ಸರ ಅವಳ ಕಣ್ಣಿಗೆ ಬಿತ್ತು. ಕೇಳಿ, ತೆಗೆಸಿಕೊಂಡು, ಮಣಿಯನ್ನಲ್ಲ, ತಿರುಗಿಸಿ ಗಂಟುಗಳನ್ನು ನೋಡಿದಳು. ಮೊಮ್ಮಗಳ ಮೂಲಕ ಕೇಳಿದ ಮೊದಲ ಪ್ರಶ್ನೆ: 'ಇದನ್ನು ಪೋಣಿಸಿದವರು ಯಾರು?' ನಾನೇ ಎಂದೆ. 'ಎಷ್ಟು ತಾಸು ಹಿಡಿಯಿತು?' ಸುಮಾರು ಒಂಬತ್ತು ತಾಸು. 'ಅದಕ್ಕೆ ಎಷ್ಟು ತೆಗೆದುಕೊಳ್ಳುತ್ತೀರಿ?' ನಾಲ್ಕುನೂರೈವತ್ತು ರೂಪಾಯಿ ಎಂದೆ. ಬ್ಯಾಂಕಿನ ಗೆಳತಿ ಲೆಕ್ಕ ಹಾಕಿ ಐದೂವರೆ ಯೂರೋ ಎಂದಳು. ಆ ಬೆಳಿಗ್ಗೆ ನಾಲ್ವರ ಕಾಫಿಗೆ ಅದಕ್ಕಿಂತ ಹೆಚ್ಚು ಕೊಟ್ಟಿದ್ದೆವು.

ಆಕೆ ಏನೂ ಅನ್ನಲಿಲ್ಲ. ಗೋಡೆಯ ಮೇಲಿನ ಒಂದು ಹಳೆಯ ಚಿತ್ರ ತೋರಿಸಿದಳು. ಓಣಿಯ ಹೊಸ್ತಿಲುಗಳಲ್ಲಿ ಹೆಂಗಸರು ಸಾಲಾಗಿ ಕುಳಿತಿದ್ದಾರೆ. ಮಡಿಲಲ್ಲಿ ಮರದ ಹರಿವಾಣ, ಅದರ ತುಂಬ ಸಾಸಿವೆಯಷ್ಟು ಸಣ್ಣ ಮಣಿ. ಕೈಯಲ್ಲಿ ಬೀಸಣಿಗೆಯಂತೆ ಹರಡಿ ಹಿಡಿದ ಹತ್ತಾರು ಉದ್ದ ಸೂಜಿ. ಸೂಜಿಗಳನ್ನು ಮಣಿಗಳೊಳಗೆ ಮತ್ತೆ ಮತ್ತೆ ಮುಳುಗಿಸಿದರೆ ಮಣಿಗಳು ಸೂಜಿ ಏರುತ್ತ ಬರುತ್ತವಂತೆ. 'ಇಂಪಿರಾರೆಸ್ಸೆ' ಎಂದು ಅವರನ್ನು ಕರೆಯುತ್ತಿದ್ದರು, ಪೋಣಿಸುವವರು ಎಂದೇ ಅರ್ಥ. ಸಾವಿರಾರು ಹೆಂಗಸರು ಮನೆಯಲ್ಲೇ ಕುಳಿತು, ಮಕ್ಕಳನ್ನು ನೋಡಿಕೊಳ್ಳುತ್ತ, ಮಧ್ಯವರ್ತಿ ಹೆಂಗಸು ಕೊಟ್ಟಷ್ಟು ಕೂಲಿಗೆ ದುಡಿದರು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಮುಷ್ಕರವನ್ನೂ ಹೂಡಿದರು. ಸಾರ್ಜೆಂಟ್ ಎಂಬ ಹೆಸರಾಂತ ಚಿತ್ರಕಾರ 1880ರ ಸುಮಾರಿಗೆ ಅಂಥ ಮೂವರನ್ನು ಬರೆದ. ಅವನ ಹೆಸರು ಲೋಕಕ್ಕೆ ಗೊತ್ತು. ಆ ಮೂವರು ಯಾರೆಂದು ಚಿತ್ರದ ಹೆಸರಿನಲ್ಲಿಲ್ಲ, ಬರೀ 'ಮಣಿ ಪೋಣಿಸುವವರು'. ಮುರಾನೊದಲ್ಲಿ ಹೆಣ್ಣಿನ ಹೆಸರು ಉಳಿದಿಲ್ಲವೆಂದಲ್ಲ. ಮರಿಯೆತ್ತಾ ಬರೋವಿಯೆರ್ ಎಂಬಾಕೆ 1487ರಲ್ಲೇ ಸ್ವಂತ ಕುಲುಮೆಗೆ ಅನುಮತಿ ಪಡೆದಿದ್ದಳು. ನಕ್ಷತ್ರದ ಹಾಗೆ ಪದರು ಪದರಾಗಿರುವ 'ರೊಸೆಟ್ಟಾ' ಮಣಿಯ ಜೊತೆ ಇಂದಿಗೂ ಅವಳ ಹೆಸರು ಸೇರಿಕೊಂಡಿದೆ. ಆದರೆ ಅವಳು ಮಾಡುವವಳು. ಪೋಣಿಸುವವರ ಹೆಸರನ್ನು ಅಲ್ಲಿಯೂ ಬರೆದಿಡಲಿಲ್ಲ.

ಆ ಚಿತ್ರದ ಮುಂದೆ ನಿಂತಾಗ ನನಗೆ ಚಿಮಣಿ ಬುಡದಲ್ಲಿ ಕುಳಿತ ಆಯಿಯ ಬೆನ್ನು ಕಂಡಿತು. ಅಕ್ಕೋರು ನನ್ನ ಹೆಗಲ ಮೇಲೆ ಕೈಯಿಟ್ಟರು, ಮಾತಾಡಲಿಲ್ಲ. ಹೊರಡುವಾಗ ಆ ಹೆಂಗಸು ಒಂದು ರೊಸೆಟ್ಟಾ ಮಣಿಯನ್ನು ದುಡ್ಡು ತೆಗೆದುಕೊಳ್ಳದೆ ನನ್ನ ಅಂಗೈಯಲ್ಲಿಟ್ಟಳು. ನಾನು ಐದೆಳೆಯ ಸರವನ್ನು ಅವಳಿಗೇ ಬಿಟ್ಟು ಬಂದೆ.

ಊರಿಗೆ ಬಂದು ಎರಡು ತಿಂಗಳಿಗೆ ದೊಡ್ಡ ಊರಿನ ಒಂದು ಅಂಗಡಿಯಿಂದ ಫೋನು ಬಂತು. ಹಾಲಕ್ಕಿ ಮಾದರಿಯ ಇನ್ನೂರು ಸರ ಬೇಕು, 'ಟ್ರೈಬಲ್ ನೆಕ್ಲೇಸ್' ಎಂದು ಮಾರುತ್ತಾರಂತೆ. ಪೋಣಿಸುವುದಕ್ಕೆ ಸರವೊಂದಕ್ಕೆ ನೂರೈವತ್ತು. ತಾಸಿನ ಲೆಕ್ಕದಲ್ಲಿ ಕೂಲಿ ಬೇರೆ ಕೊಡಿ, ಅಂಕೋಲೆಯ ಹಾಲಕ್ಕಿ ಹೆಂಗಸರ ಕಟ್ಟು ಎಂದೂ ಕಟ್ಟಿದವಳ ಹೆಸರೂ ಇರುವ ಚೀಟಿ ಹಾಕೋಣ ಎಂದೆ. 'ಗಿರಾಕಿಗೆ ಕತೆ ಬೇಡ ಮೇಡಂ' ಎಂದರು.

ಇದು ನಾನೊಬ್ಬಳೇ ತೀರ್ಮಾನಿಸುವ ಮಾತಾಗಿರಲಿಲ್ಲ. ನನಗೆ ಊಟಕ್ಕೆ ತತ್ವಾರವಿಲ್ಲ. ಗೌಡ್ತಿಯರಿಗೆ ಮೂವತ್ತು ಸಾವಿರವೆಂದರೆ ಸಣ್ಣ ಮಾತಲ್ಲ. ಬಸ್ಸು ಹತ್ತಿ ಅವರ ಮನೆಗೇ ಹೋದೆ. ಇಬ್ಬರೂ ಪೂರ್ತಿ ಕೇಳಿಸಿಕೊಂಡರು. ಹಿರಿಯವಳು ಬೆರಳು ಮಡಚಿ ಎಣಿಸಿ ಹೇಳಿದಳು: 'ಇನ್ನೂರು ಸರ ಕಟ್ಟೂಕೆ ನಮ್ಗಿಬ್ರಿಗೆ ಮೂರು ತಿಂಗ್ಳಿಗೂ ಮೇಲೆ ಬೇಕು. ಅಷ್ಟು ದಿನ ಗದ್ದಿ ಕೆಲಸಕ್ಕೆ ಹೋದ್ರೆ ಇದ್ಕಿಂತ ಹೆಚ್ಚು ಸಿಕ್ತದೆ ಅಮ್ಮ. ಬೇಡ ಅಂತ ಹೇಳ್ಬಿಡಿ.' ನಾನು ಬೆಂಗಳೂರು, ವೆನಿಸ್ಸು ಸುತ್ತಿ ತಿಳಿದುಕೊಂಡು ಬಂದದ್ದನ್ನು ಅವಳು ಅಂಗಳದಲ್ಲಿ ಕುಳಿತೇ ಲೆಕ್ಕ ಹಾಕಿದ್ದಳು. ರೊಸೆಟ್ಟಾ ಮಣಿಯನ್ನು ಕೈಗೆ ಕೊಟ್ಟೆ. ಬೆಳಕಿಗೆ ಹಿಡಿದು, ತೂತಿನೊಳಗೆ ಇಣುಕಿ, 'ಚೆಂದ ಅದೆ. ಆದ್ರೆ ಒಂದೇ ಮಣಿ ತಂದ್ರೆ ಕುತ್ತಿಗೆಗೆ ಸಾಕಾಗ್ತದ್ಯಾ?' ಎಂದು ಕೇಳಿದಳು.

ಆ ಆರ್ಡರು ಹೋಯಿತು. ಚೀಟಿಗೆ ಒಪ್ಪಿ ಇಪ್ಪತ್ತು, ಮೂವತ್ತು ಸರ ಕೊಳ್ಳುವ ಸಣ್ಣ ಗಿರಾಕಿಗಳು ನಿಧಾನವಾಗಿ ಸಿಕ್ಕಿದರು. 2020ರಲ್ಲಿ ಯುನೆಸ್ಕೊದವರು ಇಟಲಿ ಮತ್ತು ಫ್ರಾನ್ಸಿನ ಗಾಜಿನ ಮಣಿಯ ಕಲೆಯನ್ನು ಮನುಕುಲದ ಪರಂಪರೆಯ ಪಟ್ಟಿಗೆ ಸೇರಿಸಿದರು. ಹಾಲ್‌ಮಾರ್ಕಿನ ಬಂಗಾರದ ಒಡವೆಗೂ 2023ರ ಏಪ್ರಿಲ್‌ನಿಂದ ಆರು ಅಕ್ಷರ ಅಂಕಿಗಳ ಗುರುತು ಕಡ್ಡಾಯವಾಗಿದೆ. ಯಾವ ಬಂಗಾರ, ಎಷ್ಟು ಶುದ್ಧ ಎಂದು ಹುಡುಕಿ ತೆಗೆಯಬಹುದು. ಒಳ್ಳೆಯದೇ. ನನ್ನ ಬಿಲ್ಲಿನಲ್ಲಿ ಈಗ ಮೂರು ಸಾಲಿದೆ: ಬಂಗಾರ, ಮಣಿ, ಪೋಣಿಸಿದ ಕೂಲಿ. ಮೂರನೆಯ ಸಾಲಿನಲ್ಲಿ ತಾಸು ಎಷ್ಟು, ಕೈ ಯಾರದು ಎಂದು ಬರೆದಿರುತ್ತೇನೆ. ಬಂಗಾರದ ದರಕ್ಕೆ ತುಟಿ ಬಿಚ್ಚದವರು ಇಲ್ಲಿಗೆ ಬಂದಾಗ, 'ಇದೊಂದನ್ನು ಬಿಡಿ ಬಾಯಿ, ಕೂತಲ್ಲೇ ಮಾಡಿದ್ದಲ್ಲವೇ' ಎನ್ನುತ್ತಾರೆ. ಕೂತಲ್ಲೇ ಮಾಡಿದ್ದು ಹೌದು. ನಾನು ಬಿಡುವುದಿಲ್ಲ.

ಆ ಸಾಲಿನಲ್ಲಿ ನನ್ನ ಪಾಲಿಗೆ ಬಂದದ್ದನ್ನು ಬಿಸ್ಕೀಟಿನ ಡಬ್ಬಿಯಲ್ಲಿ ಬೇರೆಯೇ ಇಡುತ್ತಿದ್ದೇನೆ. ಚೆಕ್ ದೇಶದ ಯಾಬ್ಲೊನೆಟ್ಸ್ ಎಂಬ ಊರಿನಲ್ಲಿ ಈಗಲೂ ಮಣಿ ಮಾಡುತ್ತಾರೆ. ವಹಿನಿಗೆ ಮಾತ್ರ ಒಂದೇ ಚಿಂತೆ: ಆ ದೇಶಕ್ಕೆ ಸಮುದ್ರವೇ ಇಲ್ಲವಂತೆ, ಮೀನಿಗೆ ಏನು ಮಾಡುವುದು?