ಪಟ್ಟಿ ಬರೆದವರು

ರಾಜ್ಯವು ಕೈ ಬದಲಾದಾಗ ಮೊದಲು ಒಡೆಯುವುದು ಕೋಶಾಗಾರದ ಬೀಗವೆಂಬುದನ್ನು ವಾಚಕರೆಲ್ಲರೂ ಬಲ್ಲರು. ಬೀಗ ಒಡೆದವನ ಬೆನ್ನಹಿಂದೆಯೇ ಲೇಖನಿಯನ್ನು ಹಿಡಿದು ಇನ್ನೊಬ್ಬನು ಬರುತ್ತಾನೆ. ಇಂತಹ ವಸ್ತು, ಇಷ್ಟು, ಇಂತಲ್ಲಿಯದು ಎಂದು ಬರೆದಿಡುವುದು ಆತನ ಉದ್ಯೋಗ. ಚರಿತ್ರೆಯು ಮೊದಲನೆಯವನನ್ನು ಹೊಗಳುವುದೋ ತೆಗಳುವುದೋ ಉಂಟು. ಎರಡನೆಯವನನ್ನು ಕೇಳುವವರೇ ಇಲ್ಲ.

1799ನೆಯ ಇಸವಿ ಮೇ 4ರಂದು ಶ್ರೀರಂಗಪಟ್ಟಣವು ಪತನವಾಯಿತು. ಕೊಳ್ಳೆಯನ್ನು ಹಂಚಲು ನೇಮಕವಾದ ಇಂಗ್ಲಿಷ್ ಅಧಿಕಾರಿಗಳು ಟಿಪ್ಪೂ ಸುಲ್ತಾನನ ಸಿಂಹಾಸನವನ್ನು ಒಡೆದು ಪಾಲುಮಾಡಿದರು. ಗವರ್ನರ್ ಜನರಲ್ ವೆಲೆಸ್ಲಿಗೂ ಇದು ಹಿಡಿಸಲಿಲ್ಲ. ಅದನ್ನು ಅಖಂಡವಾಗಿ ತನ್ನ ದೊರೆಗೆ ಕಳುಹಬೇಕೆಂಬುದು ಅವನ ಆಸೆಯಾಗಿತ್ತು. ಅದರ ರತ್ನಖಚಿತವಾದ ಹುಮಾ ಪಕ್ಷಿಯು ಇಂದಿಗೂ ಇಂಗ್ಲೆಂಡಿನ ರಾಜಸಂಗ್ರಹದಲ್ಲಿದೆ. ಸಿಪಾಯಿಯ ಮೇಲೆ ಎರಗಿದ ಮರದ ಹುಲಿಯು ಲಂಡನ್ನಿನಲ್ಲಿ ಕಂಪೆನಿಯ ಪುಸ್ತಕಭಂಡಾರವನ್ನು ಸೇರಿತು. ಅಲ್ಲಿಯ ಪಾಲಕನು ಯಾರು? 1785ರಲ್ಲಿ ಭಗವದ್ಗೀತೆಯನ್ನು ಮೊಟ್ಟಮೊದಲು ಇಂಗ್ಲಿಷಿಗೆ ತಂದ ಚಾರ್ಲ್ಸ್ ವಿಲ್ಕಿನ್ಸ್! ಅಪರಿಗ್ರಹವೆಂಬ ಮಾತಿಗೆ ಅರ್ಥ ಬರೆದವನ ಕೈಗೇ ಪರದ್ರವ್ಯವು ಬಂದು ಬಿದ್ದಿತು. ನಾಲ್ಕಕ್ಷರ ಸಂಸ್ಕೃತ ಕಲಿತ ನನಗೆ ಇದು ಬಹುಕಾಲ ನುಂಗಲಾರದ ತುತ್ತಾಗಿತ್ತು.

ಸುಲ್ತಾನನ ಗ್ರಂಥಾಲಯದ ಕಥೆಯು ಇನ್ನೂ ವಿಚಿತ್ರವಾದುದು. ಸುಮಾರು 2,000 ಸಂಪುಟಗಳಿದ್ದ ಆ ಭಂಡಾರದ ಬಹುಭಾಗವು ಕಲ್ಕತ್ತೆಗೆ ಹೋಯಿತು. ಅಲ್ಲಿ ಪಾರಸಿ ಕಲಿಸುತ್ತಿದ್ದ ಚಾರ್ಲ್ಸ್ ಸ್ಟೂವರ್ಟನು ಒಂದೊಂದನ್ನೂ ಬಿಚ್ಚಿ ನೋಡಿ, 1809ರಲ್ಲಿ ಪಟ್ಟಿಯನ್ನು ಅಚ್ಚುಹಾಕಿಸಿದನು. ತಂದೆಮಕ್ಕಳು ಹಣ ಕೊಟ್ಟು ಕೊಂಡ ಪುಸ್ತಕಗಳು ಅತ್ಯಲ್ಪ. ಮಿಕ್ಕವು ಸವಣೂರು, ಕಡಪ, ಆರ್ಕಾಟಿನ ಸೀಮೆಗಳಿಂದ ಕೊಳ್ಳೆ ಹೊಡೆದು ತಂದವು ಎಂದು ಆತನು ಅದರಲ್ಲಿ ಸಂಕೋಚವಿಲ್ಲದೆ ಹೇಳಿದ್ದಾನೆ. ಸವಣೂರೆಂದರೆ ನಮಗೆ ದೂರದ್ದಲ್ಲ. ಹರಿಹರದಲ್ಲಿ ತುಂಗಭದ್ರೆಯನ್ನು ದಾಟಿ ರಾಣಿಬೆನ್ನೂರು, ಹಾವೇರಿಗಳ ದಾರಿ ಹಿಡಿದರೆ ಸಿಕ್ಕುವ ಊರು. ಪಟ್ಟಣದಲ್ಲಿ ಹೊಸದಾಗಿ ರಟ್ಟು ಕಟ್ಟಿದ ಪುಸ್ತಕಗಳ ಮೇಲೆ 'ಸರ್ಕಾರೆ ಖುದಾದಾದ್', ಎಂದರೆ ದೇವದತ್ತವಾದ ಸರ್ಕಾರ, ಎಂಬ ಮುದ್ರೆಯನ್ನು ಒತ್ತಿದ್ದರು. ದೇವರು ಕೊಟ್ಟನೆಂದು ಸುಲ್ತಾನನ ಮುದ್ರೆ. ಸವಣೂರಿನಿಂದ ಬಂತೆಂದು ಸ್ಟೂವರ್ಟನ ಪಟ್ಟಿ. ಆ ಪಟ್ಟಿಯಿಲ್ಲದಿದ್ದರೆ ಸವಣೂರಿನ ಹೆಸರೂ ಅಳಿದುಹೋಗುತ್ತಿತ್ತು.

ದೇವರ ಒಡವೆಯನ್ನು ಸರ್ಕಾರವು ಸೆಳೆಯುವುದೂ ಹೊಸತಲ್ಲ. ಬೊಕ್ಕಸವು ಬರಿದಾದಾಗ ದೇವತಾಧ್ಯಕ್ಷನ ಮೂಲಕ ಗುಡಿಗಳ ಧನವನ್ನು ಒಂದೆಡೆ ಕೂಡಿಸಿ ತರಿಸಿಕೊಳ್ಳುವ ಉಪಾಯವನ್ನು ಕೌಟಿಲ್ಯನೇ ಹೇಳಿದ್ದಾನೆ. ಕ್ರಾಂತಿಯಾದ ಮೇಲೆ, 1922ರ ಕ್ಷಾಮದಲ್ಲಿ, ರಷ್ಯದ ಸರ್ಕಾರವು ಇಗರ್ಜಿಗಳ ಬೆಳ್ಳಿಬಂಗಾರವನ್ನು ವಶಪಡಿಸಿಕೊಂಡಿತು. ಕರಗಿಸಬಾರದ ಪುರಾತನ ವಸ್ತುಗಳನ್ನು ಬೇರೆ ತೆಗೆದಿರಿಸುವ ಭಾರವು ವಸ್ತುಸಂಗ್ರಹಾಲಯದವರ ಮೇಲೆ ಬಿದ್ದಿತು. ಉಳಿಸಿದರೆ ಹಸಿದವರ ಶಾಪ, ಬಿಟ್ಟುಕೊಟ್ಟರೆ ಮುಂದಿನವರ ಶಾಪ. ಹತ್ತು ವರ್ಷಗಳ ತರುವಾಯ ಸರ್ಕಾರವು ಹರ್ಮಿಟೇಜ್ ಸಂಗ್ರಹಾಲಯದ ಚಿತ್ರಗಳನ್ನೇ ಪರದೇಶಗಳಿಗೆ ಮಾರುತ್ತಿದ್ದಾಗ, ಅಲ್ಲಿಯ ಪಂಡಿತ ಒರ್ಬೇಲಿಯು ಸ್ಟಾಲಿನ್ನನಿಗೆ ಕಾಗದ ಬರೆದು ಪೂರ್ವದೇಶಗಳ ವಿಭಾಗವನ್ನು ಕಾಪಾಡಿಕೊಂಡನು. ಅಂತಹ ಕಾಗದವನ್ನು ಬರೆಯಲು ಎಂಟೆದೆ ಬೇಕಾಗಿತ್ತು.

ನಾನಿರುವ ದಾವಣಗೆರೆಯಿಂದ ಹರಿಹರಕ್ಕೆ ಹತ್ತು ಮೈಲಿಯೂ ಇಲ್ಲ. ಅಲ್ಲಿಯ ಹರಿಹರೇಶ್ವರನ ಗುಡಿಯನ್ನು ಪೋಲಾಳ್ವ ದಂಡನಾಯಕನು 1224ರಲ್ಲಿ ಕಟ್ಟಿಸಿದನು. 1268ರಲ್ಲಿ ಸೋಮ ದಂಡನಾಯಕನು ಐದು ನೆಲೆಯ ಮಹಾದ್ವಾರವನ್ನು ಎತ್ತಿಸಿ ಹೊನ್ನಿನ ಕಲಶಗಳನ್ನಿರಿಸಿದನೆಂದು ಶಾಸನವು ಸಾರುತ್ತದೆ. ಎಷ್ಟು ರಾಜ್ಯಗಳು ಬಂದುವು, ಎಷ್ಟು ಹೋದುವು! ಆ ಹೊನ್ನು ಇಂದು ಕಣ್ಣಿಗೆ ಬೀಳದು. ಕಲ್ಲಿನ ಮೇಲಿನ ಲೆಕ್ಕ ಮಾತ್ರ ನಿಂತಿದೆ. ಮೈಸೂರಿನ ಶಾಸನ ಇಲಾಖೆಯ ರೈಸ್ ಸಾಹೇಬರು ಅದನ್ನು ತಮ್ಮ ಶಾಸನಸಂಪುಟಗಳ ಹನ್ನೊಂದನೆಯದರಲ್ಲಿ ಅಚ್ಚುಮಾಡಿಸಿದರು. ಒದ್ದೆಯ ಕಾಗದವನ್ನು ಕಲ್ಲಿಗೆ ಹೊದಿಸಿ, ಕುಂಚದಿಂದ ಬಡಿದು, ಮಸಿ ಒತ್ತಿ ಪ್ರತಿ ತೆಗೆಯುವ ಕ್ರಮವಿದೆಯಲ್ಲ, ಅದನ್ನು ನೋಡಿದಾಗಲೆಲ್ಲ ನನಗೆ ಸಂತೋಷವಾಗುತ್ತದೆ. ಸರ್ಕಾರವು ಅಕ್ಷರವನ್ನು ಒಯ್ಯುತ್ತದೆ. ಕಲ್ಲು ಇದ್ದಲ್ಲಿಯೇ ಇರುತ್ತದೆ.

ಓಲೆಗರಿಗೆ ಆ ಭಾಗ್ಯವಿಲ್ಲ. ಹರಿಹರದ ನನ್ನ ಮಾವನವರ ಅಟ್ಟದಲ್ಲಿ ಐದು ಕಟ್ಟುಗಳಿದ್ದುವು. ಕೆಲವು ವರ್ಷಗಳ ಹಿಂದೆ ಒಂದು ಸಂಸ್ಥೆಯವರು ಬಂದು, ರಕ್ಷಿಸಿಡುವೆವೆಂದು ಹೇಳಿ ನಾಲ್ಕನ್ನು ಒಯ್ದರು. ಅತ್ತೆಯವರು ಅವಕ್ಕೆ ಅರಿಸಿನ ಕುಂಕುಮವಿಟ್ಟು ಕೊಟ್ಟರು. ಕೈಗೆ ಬಂದ ಚೀಟಿಯಲ್ಲಿ 'ಹಳೆಯ ಓಲೆ, ಕಟ್ಟು 4' ಎಂದಿಷ್ಟೇ ಇದ್ದಿತು. ನಾನು ಹೋಗಿ ವಿಚಾರಿಸಿದಾಗ ಅಂತಹ ಕಟ್ಟುಗಳು ನೂರಾರು ಇದ್ದುವು. ಹರಿಹರದ್ದೆಂದು ಯಾವುದರ ಮೇಲೆಯೂ ಬರೆದಿರಲಿಲ್ಲ. "ಯಾರೂ ಸುಡಲಿಲ್ಲ, ಮಾರಲಿಲ್ಲ, ಆದ್ರೂ ಕಳದ್ಹೋತಲ್ರೀ" ಎಂದು ನನ್ನ ಮನೆಯವಳು ಇಂದಿಗೂ ಹೇಳುತ್ತಾಳೆ.

ಮನೆಯಲ್ಲಿ ಓಲೆಗರಿಯುಳ್ಳ ವಾಚಕರು ಅದನ್ನು ಯಾರಿಗಾದರೂ ಕೊಡುವ ಮುನ್ನ ಗರಿಗಳ ಸಂಖ್ಯೆ, ಮೊದಲ ಪಂಕ್ತಿ, ಕೊನೆಯ ಪಂಕ್ತಿ, ಮನೆತನ, ಊರು ಇಷ್ಟನ್ನು ಎರಡು ಪ್ರತಿ ಬರೆದು, ಒಂದನ್ನು ಕಟ್ಟಿನೊಳಗೆ ಇರಿಸಿ, ಇನ್ನೊಂದಕ್ಕೆ ಒಯ್ಯುವವರ ರುಜುವನ್ನು ಪಡೆಯಲಿ. ಉಳಿದ ಐದನೆಯ ಕಟ್ಟನ್ನು ಕಳೆದ ಶ್ರಾವಣದಲ್ಲಿ ನಾವಿಬ್ಬರೂ ಕುಳಿತು ಬಿಚ್ಚಿದೆವು. ಅವಳು ಎಣಿಸಿದಳು, ನಾನು ಬರೆದೆನು: ಗರಿ 112, ಮುರಿದವು 2, ಹರಿಹರ.