ಬಿಸಿಲಿಲ್ಲದ ಮನೆ

ಮೈಸೂರಿನ ಅಗ್ರಹಾರದ ಓಣಿಯೊಂದರಲ್ಲಿ ಆ ಗೃಹಸ್ಥರು ಹನ್ನೊಂದು ತಿಂಗಳ ಕರಾರಿನ ಮೇಲೆ ಮನೆ ಹಿಡಿದಿದ್ದರು. ಮಳೆಗಾಲ ಬಂದೊಡನೆ ಗೋಡೆ ಬೆವರಿತು. ಮಗುವಿಗೆ ಕೆಮ್ಮು ಹತ್ತಿತು. ಮಾಲೀಕರು, “ಮುಂದಿನ ವಾರ ಗಾರೆಯವನು ಬರುತ್ತಾನೆ” ಎನ್ನುತ್ತಲೇ ಮೂರು ತಿಂಗಳು ಕಳೆದರು.

ಒಪ್ಪಿಕೊಂಡ ದುರಸ್ತಿಯನ್ನು ಮಾಲೀಕನು ತಿಳಿಸಿದ ಮೇಲೂ ತಕ್ಕ ಕಾಲದಲ್ಲಿ ಮಾಡಿಸದಿದ್ದರೆ, ಬಾಡಿಗೆದಾರನೇ ಮಾಡಿಸಿ ವೆಚ್ಚವನ್ನು ಬಾಡಿಗೆಯಲ್ಲಿ ಮುರಿದುಕೊಳ್ಳಬಹುದೆಂದು 1882ರ ಸ್ವತ್ತು ವರ್ಗಾವಣೆ ಕಾಯಿದೆ ಹೇಳುತ್ತದೆ. ಗಾರೆಯನ್ನೇನೋ ಹೀಗೆ ಹಾಕಿಸಬಹುದು, ಬಿಸಿಲನ್ನು ಹಾಕಿಸುವುದೆಂತು?

ಕರಾರು ಮುರಿದರೆ ಮುಂಗಡ ಹೋದೀತೆಂಬ ಅಳುಕು. ಮಾತು ತಪ್ಪಿದಂತಾದೀತೆಂಬ ಸಂಕೋಚ. ಆದರೆ ಈ ಊರೇ ಒಮ್ಮೆ ಮನೆಗಳನ್ನು ತೊರೆದಿತ್ತಲ್ಲವೆ? 1898ರಲ್ಲಿ ಸಂಸ್ಥಾನವನ್ನು ಹೊಕ್ಕ ಪ್ಲೇಗಿಗೆ ಹೆದರಿ ಜನ ಊರ ಹೊರಗೆ ಗುಡಿಸಲು ಹಾಕಿಕೊಂಡರು. ಇಕ್ಕಟ್ಟಿನ ಕತ್ತಲ ಮನೆಗಳಿಂದ ಪಾಠ ಕಲಿತ ನಗರದಲ್ಲಿ 1903ರಲ್ಲಿ ಸಿಟಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಬೋರ್ಡು ಹುಟ್ಟಿತು. ಗಾಳಿ ಬೆಳಕಿನ ಹೊಸ ಬಡಾವಣೆಗಳು ಎದ್ದವು.

ಗೃಹಸ್ಥರು ನೋಟೀಸು ಕೊಟ್ಟರು. ಮುಂಗಡದಲ್ಲಿ ಎರಡು ತಿಂಗಳ ಹಣ ಹಿಂದಿರುಗಲಿಲ್ಲ. ಹೊಸ ಮನೆಯ ಅಂಗಳದಲ್ಲಿ, ಮೊದಲ ಬೆಳಗಿನ ಬಿಸಿಲಿಗೆ ಹಾಸಿಗೆಗಳನ್ನು ಹರಡುತ್ತ ಅವರ ಮಡದಿ ಹೇಳಿದರು: “ಹಣ ಹೋಯಿತೆಂದು ಪೇಚಾಡಬೇಡಿ. ರಾತ್ರಿಯೆಲ್ಲ ಮಗು ಕೆಮ್ಮಲಿಲ್ಲ.”